ಚೌಕ ದಾಟಿದ ನೀಲಿ

ಮೊನ್ನೆ ನೆಂಟರ ಮದುವೆಗೆಂದು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಊಟದ ಪಂಕ್ತಿ ಏಳುವುದು ತಡವಾಗುತ್ತದೆಂದು ಗೊತ್ತಾಗಿ, ಒಂದಿಷ್ಟು ಕಾಲಾಡಿಸಿಕೊಂಡು ಬರೋಣವೆಂದು ನಮ್ಮ ಹಳೆಯ ಬೀದಿಯ ಕಡೆ ನಡೆದೆ. ಆಗಷ್ಟೇ ಮಳೆ ನಿಂತಿತ್ತು. ಒಂದು ಮಗ್ಗದ ಮನೆಯ ಕಿಟಕಿ ತೆರೆದಿತ್ತು. ಒಳಗೆ ಮೂಲೆಯಲ್ಲಿ, ತೂತು ಹೊಡೆದ ಹಳೆಯ ರಟ್ಟಿನ ಕಾರ್ಡುಗಳ ಕಟ್ಟುಗಳನ್ನು ಪೇರಿಸಿಟ್ಟಿದ್ದರು. ಒದ್ದೆ ರಟ್ಟು, ಯಂತ್ರದ ಎಣ್ಣೆ, ಗೋಡೆಯ ತೇವ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ತಲೆ ಪೂರ್ತಿ ನೆರೆತ ಹೆಂಗಸು ಯಾರದೋ ಮನೆಯ ಕಿಟಕಿಗೆ ಮುಖ ಹಚ್ಚಿ ನಿಂತರೆ ನೋಡಿದವರು ಏನಂದುಕೊಳ್ಳಬೇಡ! ಒಳಗಿದ್ದ ಹುಡುಗಿ ಯಾರು ಬೇಕಿತ್ತು ಅಜ್ಜಿ ಎಂದು ಕೇಳಿಯೇಬಿಟ್ಟಳು. ಯಾರೂ ಬೇಡಮ್ಮ ಎಂದೆ. ನನಗೆ ಬೇಕಿದ್ದದ್ದು ಎಪ್ಪತ್ತರ ದಶಕದ ಶುರುವಿನ ಒಂದು ಮಳೆಗಾಲ. ನಾನು ನೀರುಬಣ್ಣ ಕಲಿತ ಮಳೆಗಾಲ ಅದು.

ನಮ್ಮಪ್ಪನನ್ನು ಊರಲ್ಲಿ ಎಲ್ಲರೂ ಡಿಸೈನ್ ರಂಗಪ್ಪ ಎನ್ನುತ್ತಿದ್ದರು. ನಮ್ಮದು ನೇಯುವವರ ಬೀದಿ, ಬೆಳಗಾದರೆ ಎರಡೂ ಕಡೆ ಮಗ್ಗಗಳ ಸದ್ದು. ಆದರೆ ನಮ್ಮ ಮನೆಯಲ್ಲಿ ಮಗ್ಗವಿರಲಿಲ್ಲ. ಸೀರೆಯ ಅಂಚಿಗೂ ಸೆರಗಿಗೂ ಬರಬೇಕಾದ ನವಿಲು, ಮಾವಿನಕಾಯಿ, ಹೂಬಳ್ಳಿ ಇವನ್ನೆಲ್ಲ ಅಪ್ಪ ಮೊದಲು ಗ್ರಾಫ್ ಹಾಳೆಯ ಮೇಲೆ ಮೂಡಿಸಿಕೊಡುತ್ತಿದ್ದರು. ಹಾಳೆಯ ಒಂದೊಂದು ಪುಟ್ಟ ಚೌಕವೂ ಸೀರೆಯಲ್ಲಿ ಎಳೆಯ ಮೇಲೆ ಎಳೆ ಹಾಯುವ ಒಂದೊಂದು ಜಾಗ. ಯಾವ ಚೌಕಕ್ಕೆ ಯಾವ ಬಣ್ಣ ತುಂಬಿದೆ ಎಂದು ಸಾಲುಸಾಲಾಗಿ ನೋಡಿಕೊಂಡು, ಪಕ್ಕದ ಬೀದಿಯ ನಂಜಪ್ಪಣ್ಣ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಿದ್ದರು. ಆ ಕಾರ್ಡುಗಳನ್ನು ಸರ ಮಾಡಿ ಮಗ್ಗದ ಮೇಲೆ ಕೂರಿಸಿದ ಜಕಾರ್ಡ್ ಯಂತ್ರಕ್ಕೆ ಕಟ್ಟಿದರೆ, ಮಗ್ಗ ತೂತುಗಳ ಪ್ರಕಾರ ನವಿಲನ್ನು ನೇಯುತ್ತಿತ್ತು. ಹಾಳೆಯಲ್ಲಿ ಬಣ್ಣ ಪಕ್ಕದ ಚೌಕಕ್ಕೆ ಜಾರಿತೋ, ಕಾರ್ಡಿನಲ್ಲಿ ತಪ್ಪು ತೂತು. ಆಮೇಲೆ ಸೀರೆಯುದ್ದಕ್ಕೂ ಪ್ರತಿ ನವಿಲಿನ ಮುಖದ ಮೇಲೂ ಅದೇ ಕಲೆ.

ನಾನು ಸರೋಜ, ಅವರ ಒಬ್ಬಳೇ ಮಗಳು. ಅಪ್ಪ ಪೆನ್ಸಿಲಿನಲ್ಲಿ ಆಕಾರ ಹಾಕಿಕೊಟ್ಟರೆ ಬಣ್ಣ ತುಂಬುವುದು ನನ್ನ ಕೆಲಸ. ಸ್ಕೂಲಿಗೆ ಹೋಗುವಾಗಲೇ ಶುರುಮಾಡಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತ ಮೇಲೆ ದಿನವಿಡೀ ಅದೇ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಎಂದರೂ ಸರಿಯೇ, ನನ್ನ ಕೈಯಲ್ಲಿ ಬಣ್ಣ ಗೆರೆ ದಾಟುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಜಗಳವಾಗಲಿ, ಬೀದಿಯಲ್ಲಿ ಮೆರವಣಿಗೆ ಹೋಗಲಿ, ಬ್ರಷ್ಷಿನ ತುದಿ ಅಲುಗುತ್ತಿರಲಿಲ್ಲ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗತೊಡಗಿತ್ತು. ನನ್ನ ಕೈಯಿಂದಲೇ ಅವರ ಟೇಬಲ್ಲು ನಡೆಯುತ್ತಿದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ವತ್ಸಲಾ ಟೀಚರ್ ನಮ್ಮ ಮನೆಗೆ ಬಂದರು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್, ಬೆಂಗಳೂರಿನವರು, ಹಿಂದಿನ ಬೀದಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ಗಂಡ ಮೈಸೂರಿನಲ್ಲಿ ಕೆಲಸದಲ್ಲಿದ್ದರು. ಯಾವಾಗ ನೋಡಿದರೂ ಕೈಯಲ್ಲಿ ಹುರಿದ ಕಡಲೆಕಾಯಿ, ಬಾಯಿ ತುಂಬ ಮಾತು. ಅಮ್ಮನ ಹತ್ತಿರ ಒಳ್ಳೆ ಅಂಚಿನ ಸೀರೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಲು ಬಂದವರು, ನಾನು ಕೂತು ಬಣ್ಣ ತುಂಬುತ್ತಿದ್ದದ್ದನ್ನು ನೋಡಿ ಸೀರೆಯನ್ನೇ ಮರೆತರು. ಮುಂದಿನ ಬೇಸಿಗೆಗೆ ತನಗೆ ಮೈಸೂರಿಗೆ ವರ್ಗವಾಗುತ್ತದೆ, ಈ ಸ್ಕೂಲಿಗೆ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸಾದವರು ಬೇಕಾಗುತ್ತಾರೆ, ಊರಿನ ಹುಡುಗಿಯೇ ಸಿಕ್ಕರೆ ಹೆಡ್‌ಮಿಸ್ಟ್ರೆಸ್ಸು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ ಎಂದರು. ಪರೀಕ್ಷೆ ಮಳೆಗಾಲ ಮುಗಿಯುವಾಗ. ನೀರುಬಣ್ಣದ ಪೇಪರೇ ಅದರಲ್ಲಿ ದೊಡ್ಡದು, ಅದನ್ನು ತಾನು ಕಲಿಸುತ್ತೇನೆ ಎಂದೂ ಹೇಳಿದರು.

ಟೀಚರ್ ಕೆಲಸ! ಬೆಳಿಗ್ಗೆ ಎದ್ದು ಸೀರೆ ಉಟ್ಟು, ಛತ್ರಿ ಹಿಡಿದು, ಬೀದಿಯಲ್ಲಿ ನಡೆದು ಹೋಗುವುದು. ಹುಡುಗಿಯರು ಎದ್ದು ನಿಂತು ನಮಸ್ತೆ ಎನ್ನುವುದು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪ ಮಾತ್ರ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಮಾರನೆಯ ದಿನ ಕನ್ನಡಕ ಒರೆಸಿಕೊಳ್ಳುತ್ತಾ, "ಪರೀಕ್ಷೆ ಬೇಕಾದ್ರೆ ಬರ್ಕೊ. ಕೆಲಸದ ಮಾತು ಆಮೇಲೆ. ಟೇಬಲ್ ಮೇಲಿನ ಕೆಲಸ ಮಾತ್ರ ನಿಲ್ಲಬಾರದು" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಮೊದಲ ದಿನ ಟೀಚರ್ ನನ್ನ ಮುಂದೆ ಒಂದು ಮಾವಿನ ಎಲೆ ಇಟ್ಟು ನೋಡಿಕೊಂಡು ಬರಿ ಎಂದರು. ಇದೇನು ಮಹಾ ಎಂದುಕೊಂಡು ಬರೆದೆ. ನೀಟಾಗಿ ಹಸಿರು ತುಂಬಿದೆ. ಟೀಚರ್ ಹಾಳೆ ಕೈಗೆತ್ತಿಕೊಂಡರು, ಹತ್ತಿರ ಹಿಡಿದರು, ದೂರ ಹಿಡಿದರು, ಆಮೇಲೆ ನಗಲು ಶುರುಮಾಡಿದವರು ಕಡಲೆಕಾಯಿ ನೆತ್ತಿಗೇರಿ ಕೆಮ್ಮುವವರೆಗೆ ನಕ್ಕರು. ನನ್ನ ಎಲೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಬಿಳಿ ಹಾಳೆಯ ಮೇಲೆ ಚೌಕಗಳೇ ಇರಲಿಲ್ಲ, ಆದರೂ ನನ್ನ ಕೈ ಒಂದು ಚೌಕ ಪಕ್ಕಕ್ಕೆ, ಎರಡು ಚೌಕ ಕೆಳಕ್ಕೆ ಎಂದು ಎಣಿಸಿಕೊಂಡೇ ಬಳುಕು ತಿರುಗಿತ್ತು. ಗ್ರಾಫಿನಲ್ಲಿ ಬಳುಕು ಎಂದರೆ ಮೆಟ್ಟಿಲೇ ತಾನೆ? ಬೇರೆ ಥರದ ಬಳುಕು ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ಬಂದು, ನಮ್ಮ ಬೀದಿಯ ಸೀರೆಗಳಲ್ಲಿ ಎಲೆ ಹೀಗೇ ಇರೋದು ಎಂದುಬಿಟ್ಟೆ. ಟೀಚರ್ ಕಣ್ಣೊರೆಸಿಕೊಂಡು, ಸೀರೆ ಚೆನ್ನಾಗಿಯೇ ಇರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಸೊನ್ನೆ ಬರುತ್ತದೆ ಎಂದರು.

ಅಲ್ಲಿಂದ ಪೆನ್ಸಿಲನ್ನು ನನ್ನ ಕೈಯಿಂದ ಕಿತ್ತುಕೊಂಡು ನೀರಿಗೆ ಇಳಿಸಿದರು. ಹಲಗೆಗೆಂದು ಅಮ್ಮ ಊಟಕ್ಕೆ ಕೂರುವ ಒಂದು ಹಳೆಯ ಮಣೆ ಕೊಟ್ಟಳು. ಹಾಳೆಯನ್ನು ಪೂರ್ತಿ ನೆನೆಸಿ, ಅಂಚುಗಳಿಗೆ ಮೈದಾ ಅಂಟು ಹಚ್ಚಿ ಮಣೆಗೆ ಅಂಟಿಸಿಬಿಡಬೇಕು, ಒಣಗಿದಾಗ ಅದು ತಮಟೆಯ ಹಾಗೆ ಬಿಗಿಯಾಗುತ್ತದೆ, ಆಮೇಲೆ ಎಷ್ಟು ನೀರು ಹಾಕಿದರೂ ಸುಕ್ಕಾಗುವುದಿಲ್ಲ. ಒಣಗಿದರೆ ತಾನೆ? ಆ ವರ್ಷದ ಮಳೆಗೆ ಗಂಜಿ ಹಚ್ಚಿ ಬೀದಿಯುದ್ದಕ್ಕೂ ಚಾಚಿದ ನೂಲಿನ ಪಾವು ಸಹ ಒಣಗದೆ ನೇಯುವವರು ಶಾಪ ಹಾಕುತ್ತಿದ್ದರು. ನಾನು ಮಣೆಯನ್ನು ಒಲೆಯ ಪಕ್ಕ ಇಡುವುದು, ಅಮ್ಮ ಅದನ್ನು ಆಚೆ ತಳ್ಳುವುದು, ಹೀಗೇ ನಡೆದಿತ್ತು. ಒಂದು ಸಲ ಹೊಸಕೋಟೆಯಿಂದ ನೆಂಟರು ಬಂದಾಗ, ಮಣೆ ಸಾಲದೆ ಅಮ್ಮ ಹಿಂದುಮುಂದು ನೋಡದೆ ಇದನ್ನೇ ಹಾಕಿಬಿಟ್ಟಳು. ಹಾಳೆಯ ಮೇಲೆ ಆಗಷ್ಟೇ ನೀಲಿ ಬಳಿದಿದ್ದೆ. ಬಂದ ಮಾವ ಎದ್ದಾಗ ಅವರ ಪಂಚೆಯ ಹಿಂಭಾಗ ತಿಳಿ ನೀಲಿ. ಅವರು ಊರು ಸೇರುವವರೆಗೂ ಅದು ಅವರಿಗೆ ಗೊತ್ತಾಗಲಿಲ್ಲ.

ನೀರುಬಣ್ಣದಲ್ಲಿ ಮೊದಲ ಪಾಠ ಏನೂ ಬರೆಯದಿರುವುದು. ಒಂದೇ ಬಣ್ಣವನ್ನು ಹಾಳೆಯ ತುಂಬ ಒಂದೇ ಸಮ ಬಳಿಯಬೇಕು. ಕೇಳಲು ಎಷ್ಟು ಸುಲಭ! ಮಣೆಯನ್ನು ಸ್ವಲ್ಪ ವಾಲಿಸಿ, ಬ್ರಷ್ಷಿನ ತುಂಬ ಬಣ್ಣದ ನೀರು ತೆಗೆದುಕೊಂಡು, ಲಾಳಿ ಓಡಿದ ಹಾಗೆ ಎಡದಿಂದ ಬಲಕ್ಕೆ ಒಂದು ಸಾಲು. ಆ ಸಾಲಿನ ಕೆಳಗೆ ಬಣ್ಣದ ನೀರು ತುಂಬಿಕೊಂಡು ನಿಲ್ಲುತ್ತದೆ. ಅದು ಒಣಗುವ ಮೊದಲೇ ಅದನ್ನು ಮುಟ್ಟಿಕೊಂಡು ಎರಡನೆಯ ಸಾಲು. ಹಾಗೇ ಕೊನೆಯವರೆಗೆ ಆ ನೀರನ್ನು ಇಳಿಸಿಕೊಂಡು ಹೋಗಿ, ಹಿಂಡಿದ ಬ್ರಷ್ಷಿನಿಂದ ಹೀರಿ ತೆಗೆಯಬೇಕು. ನನ್ನ ಕಷ್ಟವೆಲ್ಲ ಎಲ್ಲಿ ಎಂದರೆ, ಮೇಲಿನ ಸಾಲಿನಲ್ಲಿ ಎಲ್ಲೋ ಒಂದು ಚೂರು ತೆಳುವಾಗಿದೆ ಅನ್ನಿಸಿದರೆ ವಾಪಸು ಹೋಗಿ ತುಂಬುತ್ತಿದ್ದೆ. ಚೌಕ ಖಾಲಿ ಬಿಡಬಾರದಲ್ಲ! ವಾಪಸು ಹೋದ ಕಡೆಯೆಲ್ಲ ಕಲೆ. ಕಲೆ ಸರಿಮಾಡಲು ಹೋದರೆ ಕಲೆಯ ಮೇಲೆ ಕಲೆ. ಮೊದಲ ವಾರದ ನನ್ನ ಹಾಳೆಗಳು ಸೋರುವ ಮನೆಯ ಗೋಡೆಯಂತಿದ್ದವು. ಟೀಚರ್ ತಲೆ ಚಚ್ಚಿಕೊಂಡು, "ಒಂದು ಸಾಲು ಹಾಕಿದ್ಮೇಲೆ ಕೈ ಮೇಲೆ ಕೂತ್ಕೋ. ನೀರಿಗೆ ಅದರ ಕೆಲಸ ಗೊತ್ತು, ನೀನು ಅದಕ್ಕೆ ಹೇಳ್ಕೊಡ್ಬೇಡ" ಎಂದರು. ತಮಾಷೆಗೆ ಹೇಳಿದ್ದಲ್ಲ. ನಿಜವಾಗಿಯೂ ನನ್ನ ಎರಡೂ ಅಂಗೈಗಳನ್ನು ತೊಡೆಯಡಿ ಇರಿಸಿ ಕೂರಿಸಿದರು.

ಒಂದು ಮಧ್ಯಾಹ್ನ ಅದು ಬಂತು. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ನೀಲಿ, ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ. ನಾನು ಚಪ್ಪಲಿಯನ್ನೂ ಮೆಟ್ಟದೆ ಒದ್ದೆ ಮಣೆ ಹಿಡಿದು ಬೀದಿಗೆ ಓಡಿದೆ. ಮಗ್ಗ ನಿಲ್ಲಿಸಿ ನಿಲ್ಲಿಸಿ ಎಲ್ಲರಿಗೂ ತೋರಿಸಿದೆ. ಅವರು ಮಣೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಚಿತ್ರ ಎಲ್ಲಮ್ಮ ಎಂದು ಕೇಳಿದರು. ಇದೇ ಚಿತ್ರ ಎಂದೆ. ಬರೀ ನೀಲಿ ಎಂದರು. ಹೌದು, ಬರೀ ನೀಲಿ, ಎಷ್ಟು ಚೆನ್ನಾಗಿದೆ ನೋಡಿ ಎಂದೆ. ರಂಗಪ್ಪನ ಮಗಳಿಗೆ ಏನೋ ಆಗಿದೆ ಎಂದು ಆ ಸಂಜೆಯೇ ಅಮ್ಮನ ಕಿವಿಗೆ ಬಿತ್ತು.

ಏನೋ ಆಗಿದ್ದು ನಿಜವೇ. ದಿನಕ್ಕೊಂದು ಹೊಸದು. ಮೇಲೆ ಗಾಢವಾಗಿ ಶುರುಮಾಡಿ ಸಾಲಿಗಿಷ್ಟು ನೀರು ಸೇರಿಸುತ್ತಾ ಬಂದರೆ ಆಕಾಶ ತಾನಾಗಿ ತಿಳಿಯಾಗುತ್ತಾ ಇಳಿಯುತ್ತದೆ. ಬಿಳಿ ಬಣ್ಣ ಎಂಬುದೇ ಇಲ್ಲ, ಬಿಳಿ ಬೇಕಾದ ಕಡೆ ಹಾಳೆಯನ್ನು ಮುಟ್ಟದೆ ಬಿಟ್ಟುಬಿಡಬೇಕು. ಮೊದಲು ತಿಳಿ, ಒಣಗಿದ ಮೇಲೆ ಗಾಢ. ಹಳದಿ ಒಣಗಿದ ಮೇಲೆ ನೀಲಿ ತೇಲಿಸಿದರೆ ಒಳಗಿನಿಂದ ಹಸಿರು ಏಳುತ್ತದೆ. ಪ್ರತಿಯೊಂದೂ ನನಗೆ ಆಗತಾನೇ ಜಗತ್ತಿನಲ್ಲಿ ಕಂಡುಹಿಡಿದ ವಿಷಯದಂತೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚಲು ಕೂತರೆ ಅದರ ಮೈಮೇಲಿನ ಬೆಳಕನ್ನು ಎಲ್ಲಿ ಬಿಡಬೇಕು ಎಂದು ನೋಡುತ್ತಾ ಕೂರುತ್ತಿದ್ದೆ. ಅಮ್ಮ ಬಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಿನದು ಒಂದು ಭಾನುವಾರ ನಾಗರಕೆರೆ ಏರಿಯ ಮೇಲೆ ಆಯಿತು. ದೂರದಲ್ಲಿ ಮಾಕಳಿದುರ್ಗದ ಬೆಟ್ಟ, ಅದರ ತಲೆಯ ಮೇಲೆ ಮೋಡ ಇಳಿದು ಕೂತಿತ್ತು. ಬೆಟ್ಟ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿಲ್ಲ. ಟೀಚರ್ ಹಾಳೆಗೆ ಬರೀ ನೀರು ಬಳಿಸಿದರು. ಅದು ಮಿರಮಿರ ಹೊಳೆಯುವಾಗ, ಬ್ರಷ್ಷಿನ ತುದಿಯಲ್ಲಿ ಕಡುನೀಲಿ ತೆಗೆದು ಬೆಟ್ಟದ ಬೆನ್ನಿಗೆ ಒಂದು ಸಲ ತಾಗಿಸಿ ಕೈ ತೆಗಿ ಎಂದರು. ತಾಗಿಸಿದೆ. ಅಯ್ಯೋ, ಆ ನೀಲಿ ನಡೆಯತೊಡಗಿತು! ಮೇಲಕ್ಕೆ ಹಬ್ಬಿತು, ಕವಲೊಡೆಯಿತು, ತೆಳುವಾಯಿತು, ಎಲ್ಲೋ ಹೋಗಿ ನಿಂತಿತು. ಅದು ನಿಂತ ಕಡೆ ಬೆಟ್ಟದ ಮೇಲೆ ಮೋಡ ಕೂತಿತ್ತು. ನಾನು ಬರೆದಿರಲಿಲ್ಲ, ನನ್ನ ಕೈ ತೊಡೆಯಡಿ ಇತ್ತು. ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಇಷ್ಟು ವರ್ಷ ಬಣ್ಣ ಹಿಡಿದು ಕೂತಿದ್ದೆ, ಬಣ್ಣಕ್ಕೆ ಕಾಲಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಟೀಚರ್ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ಬಂತಲ್ಲೇ ನಿಂಗೆ ಎಂದರು.

ಬಂತು, ತಲೆಗೂ ಏರಿತು. ಅದೇ ವಾರ ಅಪ್ಪ ಒಂದು ಸೆರಗಿನ ಗ್ರಾಫು ಕೊಟ್ಟರು. ಹಬ್ಬದ ಮುಂಚೆ ಮಗ್ಗಕ್ಕೆ ಏರಬೇಕಾದ ಸೀರೆ, ಅದರಲ್ಲಿ ಎದುರುಬದುರು ಎರಡು ನವಿಲು. ನವಿಲಿನ ಕತ್ತಿಗೆ ನೀಲಿ ತುಂಬುತ್ತಾ ಕೂತಿದ್ದೆ, ಕಣ್ಣಲ್ಲಿ ಇನ್ನೂ ಆ ಬೆಟ್ಟ. ನವಿಲಿನ ಕತ್ತು ನಿಜಕ್ಕೂ ಒಂದೇ ನೀಲಿಯೇ? ಮೇಲೆ ಗಾಢ, ಎದೆಯ ಹತ್ತಿರ ತಿಳಿ, ನಡುವೆ ಹಸಿರಿನ ಛಾಯೆ. ಬಣ್ಣಕ್ಕೆ ನೀರು ಬೆರೆಸಿದೆ. ಚೌಕದಿಂದ ಚೌಕಕ್ಕೆ ನೀಲಿಯನ್ನು ತಿಳಿಗೊಳಿಸುತ್ತಾ ಬಂದೆ. ಎಷ್ಟು ಚೆಂದದ ಕತ್ತು ಬಂತು ಎಂದರೆ, ಇಂಥ ಗ್ರಾಫು ದೊಡ್ಡಬಳ್ಳಾಪುರದಲ್ಲೇ ಇಲ್ಲ ಎಂದುಕೊಂಡೆ. ಅಪ್ಪ ಮೇಲೆಮೇಲೆ ನೋಡಿ ನಂಜಪ್ಪಣ್ಣನಿಗೆ ಕಳಿಸಿಬಿಟ್ಟರು. ಅವರ ಕಣ್ಣಿಗೆ ಎಲ್ಲ ಒಂದೇ ನೀಲಿಯಾಗಿ ಕಂಡಿರಬೇಕು.

ನಂಜಪ್ಪಣ್ಣನಿಗೆ ಗೊತ್ತಿದ್ದದ್ದು ಒಂದೇ ನೀಲಿ, ಗಾಢ ನೀಲಿ. ನೀಲಿ ಕಂಡರೆ ನೀಲಿ ಎಳೆಯ ಕಾರ್ಡಿಗೆ ತೂತು, ಹಸಿರು ಕಂಡರೆ ಹಸಿರು ಎಳೆಯ ಕಾರ್ಡಿಗೆ ತೂತು, ಖಾಲಿ ಕಂಡರೆ ತೂತಿಲ್ಲ. ಈ ತಿಳಿಯಾಗುತ್ತಾ ಹೋಗುವ ಕತ್ತನ್ನು ಅವರು ಏನೆಂದು ಓದಬೇಕು? ಒಂದಿಷ್ಟನ್ನು ನೀಲಿ ಎಂದುಕೊಂಡರು, ಒಂದಿಷ್ಟನ್ನು ಹಸಿರು ಎಂದುಕೊಂಡರು, ಎದೆಯ ಹತ್ತಿರದ್ದನ್ನು ನೀರು ಚೆಲ್ಲಿ ಆದ ಕಲೆ ಎಂದುಕೊಂಡು ಬಿಟ್ಟೇಬಿಟ್ಟರು. ಮಗ್ಗ ಓಡಿತು. ಮಗ್ಗದ ಸಾಹುಕಾರರು ನೇಯ್ದ ತುಂಡನ್ನು ಕೈಯಲ್ಲಿ ಹಿಡಿದು ನಮ್ಮ ಜಗುಲಿಗೆ ಬಂದು, ಇದೇನು ರಂಗಪ್ಪ ಎಂದು ಅದನ್ನು ಟೇಬಲ್ಲಿನ ಮೇಲೆ ಹರಡಿದರು. ಎರಡು ನವಿಲು, ಎರಡಕ್ಕೂ ತಲೆ ಒಂದು ಕಡೆ, ಮೈ ಒಂದು ಕಡೆ, ನಡುವೆ ಹುಳ ತಿಂದಂತೆ ಹಸಿರು ಚುಕ್ಕಿ. ಕತ್ತೇ ಇರಲಿಲ್ಲ.

ಸಾಹುಕಾರರು ಹೋದ ಮೇಲೆ ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಆ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತಿದ್ದರು. ಅವರ ಹೆಸರಿನ ಮೇಲೆ ಒಂದು ತಪ್ಪು ಗ್ರಾಫು ಆ ಬೀದಿಗೆ ಹೋಗಿದ್ದು ಅದೇ ಮೊದಲು. ಕೊನೆಗೆ, "ನೀರು ಹಿಡಿದ ಕೈ ಇದಕ್ಕೆ ಬರಲ್ಲ. ಆ ಪಾಠ ಸಾಕು" ಎಂದರು. ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಈ ವರ್ಷ ತಪ್ಪಿದರೆ ಟೀಚರ್ ಇರುವುದಿಲ್ಲ, ಆ ಜಾಗಕ್ಕೆ ಇನ್ಯಾರೋ ಬರುತ್ತಾರೆ, ನಾನು ಈ ಟೇಬಲ್ಲಿನ ಮುಂದೆಯೇ ಮುದುಕಿಯಾಗುತ್ತೇನೆ. ಅಮ್ಮ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸುಮ್ಮನಿರು ಎಂದಳು. ನಾನು ಸುಮ್ಮನಿರುವ ಜಾತಿಯವಳಲ್ಲ.

"ಅಪ್ಪ, ಆ ಗ್ರಾಫು ಮೊದಲಿಂದ ನಾನೇ ಮಾಡ್ತೀನಿ," ಎಂದೆ. "ಪಾಠಕ್ಕೂ ಹೋಗ್ತೀನಿ. ಮಗ್ಗದ ಮೇಲೆ ಒಂದು ಚೌಕ ತಪ್ಪು ಬಂದ್ರೂ ನಾನಾಗೇ ಪರೀಕ್ಷೆಗೆ ಹೋಗಲ್ಲ. ನೀವು ಬೇಡ ಅನ್ನೋದೇ ಬೇಕಾಗಿಲ್ಲ."

ಅಪ್ಪ ಹೊಸ ಗ್ರಾಫ್ ಹಾಳೆ ತೆಗೆದು ಟೇಬಲ್ಲಿನ ಮೇಲೆ ಇಟ್ಟರು.

ಹೇಳುವುದೇನೋ ಹೇಳಿಬಿಟ್ಟೆ. ಬೆಳಿಗ್ಗೆ ಕಿಟಕಿಯ ಹತ್ತಿರ ಗ್ರಾಫು, ಮಧ್ಯಾಹ್ನದ ಮೇಲೆ ಟೀಚರ್ ರೂಮಿನಲ್ಲಿ ಮಣೆ. ಒಂದೇ ಕೈ, ಒಂದು ಕಡೆ ಬಣ್ಣವನ್ನು ಕೂದಲೆಳೆ ಅಲುಗದಂತೆ ನಿಲ್ಲಿಸಬೇಕು, ಇನ್ನೊಂದು ಕಡೆ ಬಿಟ್ಟುಬಿಡಬೇಕು. ಮೊದಲೆರಡು ದಿನ ಎರಡೂ ಕೆಟ್ಟವು. ಗ್ರಾಫಿನಲ್ಲಿ ಬಣ್ಣ ಗೆರೆ ದಾಟಿತು, ಹಾಳೆಯಲ್ಲಿ ಆಕಾಶಕ್ಕೆ ಮೆಟ್ಟಿಲು ಬಂತು. ಆಮೇಲೆ ಒಂದು ಉಪಾಯ ಹೊಳೆಯಿತು. ಗ್ರಾಫಿಗೆ ಕೂತಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ, ಉಸಿರು ಬಿಗಿಹಿಡಿದು ಸಣ್ಣ ಬ್ರಷ್ಷು. ನೀರುಬಣ್ಣಕ್ಕೆ ನಿಂತುಕೊಂಡು, ಭುಜದಿಂದಲೇ ಕೈ ಆಡಿಸಿ ದೊಡ್ಡ ಬ್ರಷ್ಷು. ಕೂತರೆ ಅಪ್ಪನ ಮಗಳು, ನಿಂತರೆ ಟೀಚರ್ ಶಿಷ್ಯೆ. ನಗಬೇಡಿ, ಅದರಿಂದಲೇ ನಾನು ಉಳಿದುಕೊಂಡೆ.

ಗ್ರಾಫು ಮುಗಿಯಿತು. ಅಪ್ಪ ಭೂತಗನ್ನಡಿ ಹಿಡಿದು ಸಾಲುಸಾಲು ನೋಡಿ ನಂಜಪ್ಪಣ್ಣನಿಗೆ ಕಳಿಸಿದರು. ಕಾರ್ಡು ಹೊಡೆದು, ಸರ ಕಟ್ಟಿ, ಮಗ್ಗಕ್ಕೇರಿಸಿದ ದಿನ ನಾನು ಅಲ್ಲಿಗೆ ಹೋಗಲೇ ಇಲ್ಲ, ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ. ಅಪ್ಪ ಜಗುಲಿ ಹತ್ತಿ ಬಂದು, ನವಿಲಿಗೆ ಕತ್ತು ಬಂದಿದೆ, ಯಾವ ಬಸ್ಸಿಗೆ ಹೋಗಬೇಕು ಪರೀಕ್ಷೆಗೆ ಎಂದು ಕೇಳಿದರು. ನಾನು ಮೊರದ ಸಮೇತ ಎದ್ದೆ, ಅಕ್ಕಿಯೆಲ್ಲ ನೆಲದ ಪಾಲಾಯಿತು.

ಪರೀಕ್ಷೆ ಬೆಂಗಳೂರಿನ ಒಂದು ಸ್ಕೂಲಿನಲ್ಲಿ. ಮೊದಲ ಬಸ್ಸಿಗೆ ಅಪ್ಪನೇ ಕರೆದುಕೊಂಡು ಹೋದರು. ಯಲಹಂಕ ದಾಟುವಾಗ ಶುರುವಾದ ಜಡಿಮಳೆ ಬಿಡಲೇ ಇಲ್ಲ. ಹಾಲಿನಲ್ಲಿ ಎಲ್ಲರ ಮುಂದೆ ಒಂದೊಂದು ಬದನೆಕಾಯಿ, ತೊಟ್ಟಿನ ಪಕ್ಕ ಒಂದು ಎಲೆ. ಬದನೆಕಾಯಿ ನೋಡಿ ನನಗೆ ಖುಷಿಗೆ ಕೂಗಬೇಕೆನಿಸಿತು, ಅಡುಗೆಮನೆಯಲ್ಲಿ ಅದನ್ನು ಎಷ್ಟು ದಿಟ್ಟಿಸಿದ್ದೆನೋ! ಬೆಳಕಿನ ಜಾಗ ಬಿಟ್ಟು ತಿಳಿ ನೇರಳೆ ಹಾಕಿದೆ. ಒಣಗಲು ಕಾದೆ. ಆ ಮಳೆಗೆ ಅದು ಒಣಗುತ್ತದೆಯೇ? ಸುತ್ತಮುತ್ತ ಹುಡುಗರು ಹಾಳೆಯನ್ನು ಬೀಸುತ್ತಿದ್ದರು, ಊದುತ್ತಿದ್ದರು, ಒಬ್ಬ ಕರ್ಚೀಫಿನಿಂದ ಒತ್ತಿ ಎಲ್ಲ ಕೆಡಿಸಿಕೊಂಡ. ಇನ್ನು ಕಾದರೆ ಹೊತ್ತು ಮುಗಿಯುತ್ತದೆ ಎಂದು ನಾನು ಅರೆ ಒದ್ದೆಯಲ್ಲೇ ಗಾಢ ನೇರಳೆ ತಾಗಿಸಿದೆ. ತೊಟ್ಟಿನ ಹಸಿರು ಅದರ ಜೊತೆ ಸೇರಿ ಕೆಳಗೆ ಹರಿಯತೊಡಗಿತು. ಗೆರೆ ದಾಟಿತು. ನನ್ನ ಬಲಗೈ ತಾನಾಗಿ ಬ್ರಷ್ಷಿನ ಕಡೆ ಹೋಯಿತು, ತಡೆಯಬೇಕು, ಒರೆಸಬೇಕು, ಚೌಕ ಸರಿಮಾಡಬೇಕು. ಎರಡೂ ಕೈ ತೊಡೆಯಡಿ ಹಾಕಿಕೊಂಡು ಕೂತುಬಿಟ್ಟೆ. ಮೇಲ್ವಿಚಾರಕರು ಬಂದು, ಬರೆಯುವುದು ಬಿಟ್ಟು ಹೀಗೇಕೆ ಕೂತಿದ್ದೀಯಾ ಎಂದು ಕೇಳಿದರು. ನೀರು ಕೆಲಸ ಮಾಡ್ತಿದೆ ಸಾರ್ ಎಂದೆ. ಅವರು ನನ್ನ ಮುಖ ನೋಡಿ, ಹಾಳೆ ನೋಡಿ, ಮುಂದಕ್ಕೆ ಹೋದರು. ಹಸಿರು ನೇರಳೆಯೊಳಗೆ ಇಳಿದು ನಿಂತಿತ್ತು, ಆಗತಾನೇ ಗಿಡದಿಂದ ಕಿತ್ತ ಕಾಯಿಯಂತೆ.

ಹೊರಗೆ ಅಪ್ಪ ಬಾಗಿಲ ಮಾಡಿನ ಕೆಳಗೆ ಬುತ್ತಿಯ ಗಂಟು ಬಿಚ್ಚದೆ ನಿಂತಿದ್ದರು. ಹೇಗಾಯಿತು ಎಂದು ಕೇಳಿದರು. ಬಣ್ಣ ಗೆರೆ ದಾಟಿ ಹೋಯಿತು ಎಂದೆ. ಅವರ ಮುಖ ಸಣ್ಣಗಾಯಿತು. ಇಲ್ಲಪ್ಪ, ದಾಟಿದ್ದರಿಂದಲೇ ಚೆನ್ನಾಗಾಯಿತು ಎಂದು ನಾನು ಬಸ್ಸು ಊರು ಮುಟ್ಟುವವರೆಗೂ ವಿವರಿಸಿದೆ. ಅವರಿಗೆ ಏನೂ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಆದರೂ ಕೇಳಿಸಿಕೊಂಡರು.

ಫಲಿತಾಂಶ ಬಂದಾಗ ಚಳಿ ಮುಗಿಯುತ್ತಾ ಬಂದಿತ್ತು. ವತ್ಸಲಾ ಟೀಚರ್ ಸ್ಕೂಲಿನಿಂದ ಓಡುತ್ತಲೇ ಬಂದು, ನಮ್ಮ ಬಾಗಿಲಲ್ಲಿ ನಿಂತು ಪಾಸು ಕಣೇ, ಫಸ್ಟ್ ಕ್ಲಾಸು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಅಮ್ಮ ನನ್ನ ಬಾಯಿಗೆ ಬೆಲ್ಲ ತುರುಕಿದಳು, ಟೀಚರ್ ಬಾಯಿಗೂ ತುರುಕಿದಳು. ಟೀಚರ್ ವರ್ಗ ಅಂದುಕೊಂಡದ್ದಕ್ಕಿಂತ ಮೊದಲೇ ಆಗಿತ್ತು. ಹೆಡ್‌ಮಿಸ್ಟ್ರೆಸ್ಸು ಕರೆಸಿ, ಸೋಮವಾರದಿಂದಲೇ ಬಂದರೆ ಅನುಕೂಲ, ಮನೆಯಲ್ಲಿ ಕೇಳಿ ತಿಳಿಸು ಎಂದರು. ಮನೆಯಲ್ಲಿ ಕೇಳಿದೆ. ಅಪ್ಪ ಹೂಂ ಎನ್ನಲಿಲ್ಲ. ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಟೇಬಲ್ಲಿನ ಮೇಲೆ ಅರ್ಧ ತುಂಬಿದ ಗ್ರಾಫು. ನಾನು ತುಂಬುತ್ತಿದ್ದೆ, ಅವರು ನನ್ನ ಕೈ ನೋಡುತ್ತಿದ್ದರು. ಅವರ ಕಣ್ಣಿನ ಕಥೆ ಗೊತ್ತಿದ್ದೂ ಬಾಯಿಬಿಟ್ಟು ಹೇಗೆ ಕೇಳಲಿ?

ಶನಿವಾರ ಸಂಜೆ ನಾನು ಹಿತ್ತಿಲಲ್ಲಿ ನಿಂತು ಒಂದು ಹಾಳೆ ಬಳಿಯುತ್ತಿದ್ದೆ, ಸುಮ್ಮನೆ, ಮನಸ್ಸು ತಡೆಯಲಾರದೆ. ಅಪ್ಪ ಯಾವಾಗ ಬಂದು ಹಿಂದೆ ನಿಂತರೋ ತಿಳಿಯಲಿಲ್ಲ. "ಅದು ಹರಿಯತ್ತೆ ಹರಿಯತ್ತೆ ಅಂತೀಯಲ್ಲ, ನನಗೂ ಒಂದ್ಸಲ ತೋರಿಸು" ಎಂದರು. ಇನ್ನೊಂದು ಹಾಳೆಗೆ ನೀರು ಬಳಿದುಕೊಟ್ಟೆ. ದೊಡ್ಡ ಬ್ರಷ್ಷು ಅವರ ಕೈಗೆ ಹೊಸದು. ಅಭ್ಯಾಸಬಲದಿಂದ ಕಣ್ಣನ್ನು ಹಾಳೆಯ ಹತ್ತಿರ ಒಯ್ದರು. ಅಷ್ಟು ಹತ್ತಿರ ಬೇಡಪ್ಪ, ಇದಕ್ಕೆ ಕಣ್ಣು ಚೂಪಾಗಿರಬೇಕಿಲ್ಲ, ಸುಮ್ಮನೆ ತಾಗಿಸಿ ಎಂದೆ. ತಾಗಿಸಿದರು. ನೀಲಿ ಹಬ್ಬಿತು. ಅದನ್ನು ಹಿಡಿಯಲು ಅವರ ಕೈ ಮುಂದಕ್ಕೆ ಹೋಗಿದ್ದನ್ನು ನಾನು ನೋಡಿದೆ. ಮಣಿಕಟ್ಟು ಹಿಡಿದುಕೊಂಡೆ. ಜನ್ಮವಿಡೀ ಬಣ್ಣವನ್ನು ಚೌಕದಲ್ಲಿ ನಿಲ್ಲಿಸಿದ ಆ ಕೈ ನನ್ನ ಕೈಯೊಳಗೆ ಮೊದಲು ಬಿಗಿಯಾಗಿತ್ತು, ಆಮೇಲೆ ಸಡಿಲಾಯಿತು. ನೀಲಿ ತನಗೆ ಬೇಕಾದಲ್ಲಿಗೆಲ್ಲ ಹೋಯಿತು, ಹಾಳೆಯ ಅಂಚಿನವರೆಗೂ ಹೋಗಿ ನಿಂತಿತು. ಅಪ್ಪ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇದನ್ನ ಯಾವ ಮಗ್ಗಾನೂ ನೇಯಕ್ಕಾಗಲ್ಲ ಕಣಮ್ಮಾ" ಎಂದರು.

ಬ್ರಷ್ಷನ್ನು ಚೊಂಬಿನ ನೀರಿನಲ್ಲಿ ತೊಳೆದರು, ತುದಿ ಚೂಪು ಮಾಡಿದರು, ಜೋಪಾನವಾಗಿ ನನ್ನ ಕೈಗೆ ಕೊಟ್ಟರು. ಕತ್ತಲಾಗುತ್ತಾ ಬಂದಿತ್ತು.

"ಸೋಮವಾರ ಸ್ಕೂಲಿಗೆ ಹೋಗು. ನಾನು ನನ್ನ ಕಣ್ಣಿಗೆ ಕಾಣೋ ಹಾಗೆ ದೊಡ್ಡ ಚೌಕದ ಹಾಳೆ ತರಿಸ್ಕೋತೀನಿ."